ಫ್ಲೆಕ್ಸ್‌ನಲ್ಲಿ ನಗುತ್ತಿದ್ದ ಕಾರ್ಲ್ಟನ್

"ಸ್ವಲ್ಪ ದಾರಿ ಬಿಡಿ ಸಿಸ್ಟರ್..."

ಕಾರ್ಕಳದ ಆ ಸಣ್ಣ ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಜೆನಿಟಾ ಪಕ್ಕಕ್ಕೆ ಸರಿದಳು. ಮುಖ ಎತ್ತಿ ನೋಡಿದವಳು ಅಲ್ಲೇ ಕಲ್ಲಾದಳು.

ನೀಲಿ ಅಟೆಂಡರ್ ಅಂಗಿ ತೊಟ್ಟು, ಎರಡೂ ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದುಕೊಂಡು ನಿಂತಿದ್ದವನು... ಕಾರ್ಲ್ಟನ್!

ಅವಳ ಕಾರ್ಲ್ಟನ್! ಲಂಡನ್‌ನಲ್ಲಿರುವ ಕಾರ್ಲ್ಟನ್!

"ನೀವು... ನೀವು ಯಾವಾಗ ಬಂದ್ರಿ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ಒಂದು ಮಾತೂ ಹೇಳಲಿಲ್ಲ!"

ಅವನು ಕಣ್ಣು ಕಿರಿದುಮಾಡಿದ. "ನೀವು ಯಾರು ಸಿಸ್ಟರ್?"

ಅದೇ ಹೊತ್ತಿಗೆ ಅವಳ ಕೈಯಲ್ಲಿದ್ದ ಮೊಬೈಲ್ ನಡುಗಿತು. ಪರದೆಯ ಮೇಲೆ ಮೂಡಿದ ಹೆಸರು... ಕಾರ್ಲ್ಟನ್!

'ಇಲ್ಲಿ ಬೆಳಿಗ್ಗೆಯಿಂದ ಹಿಮ ಬೀಳ್ತಾ ಉಂಟು. ನೀವು ಪಕ್ಕದಲ್ಲಿ ಇರಬೇಕಿತ್ತು ಜೆನಿಟಾ...'

ಅವಳು ಮೊಬೈಲ್ ನೋಡಿದಳು. ಎದುರಿಗಿದ್ದವನ ಮುಖ ನೋಡಿದಳು. ಅವನ ಎರಡೂ ಕೈಗಳನ್ನು ನೋಡಿದಳು. ಅವುಗಳಲ್ಲಿ ಬೆಡ್‌ಪ್ಯಾನ್ ಮಾತ್ರ!

ಜೆನಿಟಾ ಶಿರ್ವದ ಹುಡುಗಿ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸೊಂಟ ಮುರಿದುಕೊಂಡು ಮಲಗಿದ್ದ ತಾಯಿಯ ತಂಗಿ ರೋಸಿ ಮಾವ್ಶಿಯನ್ನು ನೋಡಲು ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಕಾರ್ಕಳಕ್ಕೆ ಬಂದಿದ್ದಳು.

ಉಡುಪಿಯ ಬಸ್‌ ನಿಲ್ದಾಣದ ಎದುರಿನ ಆ ಫ್ಲೆಕ್ಸ್ ಅವಳ ದಿನದ ಒಂದು ಭಾಗವಾಗಿತ್ತು. 'ನಮ್ಮ ಕಾರ್ಲ್ಟನ್ ಈಗ ಲಂಡನ್‌ನಲ್ಲಿ! ಮುಂದಿನವರು ನೀವೇ!' ಅದರ ಕೆಳಗೆ ಏಜೆನ್ಸಿಯ ನಂಬರು. ಆ ನಗುವನ್ನು ನೋಡಿಯೇ ಅವಳು ಏಜೆನ್ಸಿಯ ಮೆಟ್ಟಿಲು ಹತ್ತಿದ್ದು.

ಅಲ್ಲಿಯ ಕೌನ್ಸೆಲರ್ ಚೈತಾಲಿ ತುಂಬ ಆತ್ಮೀಯವಾಗಿ ಮಾತನಾಡಿಸಿದ್ದಳು. "ಡೌಟ್ ಇದ್ದರೆ ನಮ್ಮನ್ನು ಕೇಳಬೇಡ ಜೆನಿಟಾ. ಹೋದವರನ್ನೇ ಕೇಳು. ತಗೋ, ಕಾರ್ಲ್ಟನ್ ವಾಟ್ಸಾಪ್ ನಂಬರ್."

ಮೊದಲು ವೀಸಾದ ಪ್ರಶ್ನೆಗಳು. ಆಮೇಲೆ ಊಟ, ಚಳಿ, ಒಂಟಿತನ... ಕೊನೆಗೆ ಪ್ರೀತಿ! ಅವನು ಎಂದೂ ಕರೆ ಮಾಡುತ್ತಿರಲಿಲ್ಲ. ವಾರ್ಡಿನಲ್ಲಿ ಫೋನಿಗೆ ಅನುಮತಿ ಇಲ್ಲವಂತೆ. ಅವಳು ಕೊಂಕಣಿಯಲ್ಲಿ ಬರೆದರೂ ಅವನ ಉತ್ತರ ಮಾತ್ರ ಕನ್ನಡದಲ್ಲೇ ಬರುತ್ತಿತ್ತು. 'ಇಲ್ಲಿ ಮಾತಾಡುವವರೇ ಇಲ್ಲ, ಕೊಂಕಣಿ ಮರೆತೇ ಹೋಗಿದೆ' ಎನ್ನುತ್ತಿದ್ದ. ಪಾಪ, ಎಷ್ಟು ಒಂಟಿಯೋ ಎಂದು ಅವಳು ಅತ್ತಿದ್ದಳು.

ಈಗ ಆ ಮುಖ ಇಲ್ಲಿ!

"ಆ ಫ್ಲೆಕ್ಸ್‌ನಲ್ಲಿರುವುದು ನೀವೇ ಅಲ್ವಾ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. "ಅಲ್ಲ. ಒಬ್ಬರ ಹಾಗೆ ಇನ್ನೊಬ್ಬರು ಇರುವುದುಂಟು."

ಹೌದಲ್ಲ... ಈಗಷ್ಟೇ ಲಂಡನ್‌ನಿಂದ ಮೆಸೇಜ್ ಬಂದಿದೆ. ಇವನ ಕೈಯಲ್ಲಿ ಮೊಬೈಲೇ ಇಲ್ಲ. ಛೆ! ಎಂಥ ಮರುಳು ನಾನು!

"ಸಾರಿ ಬ್ರದರ್. ನಾಳೆ ಏಜೆನ್ಸಿಗೆ ಒರಿಜಿನಲ್ ಸರ್ಟಿಫಿಕೇಟ್ ಕೊಡಲಿಕ್ಕುಂಟು. ಅದೇ ಯೋಚನೆಯಲ್ಲಿ..."

ಹೊರಟಿದ್ದ ಅವನು ತಟ್ಟನೆ ತಿರುಗಿದ. "ಒರಿಜಿನಲ್ ಕೊಡಬೇಡಿ!"

"ಎಂತ?"

"ಯಾರಿಗೂ ಕೊಡಬೇಡಿ ಸಿಸ್ಟರ್. ದಯವಿಟ್ಟು."

"ಯಾಕೆ? ನಿಮಗೆಂತ ಗೊತ್ತುಂಟು ಅದರ ಬಗ್ಗೆ?"

ಅವನು ಬೆಡ್‌ಪ್ಯಾನ್ ಹಿಡಿದುಕೊಂಡು ಮತ್ತೆ ಹೊರಡಲು ತಿರುಗಿದ.

ಅದಕ್ಕೆ ಜೆನಿಟಾಳ ಸಿಟ್ಟು ನೆತ್ತಿಗೇರಿತು. ಇವನಿಗೆ ಹೊಟ್ಟೆಕಿಚ್ಚು! "ಬೆಡ್‌ಪ್ಯಾನ್ ತೊಳೆಯುವವರು ಲಂಡನ್ನಿನ ಬುದ್ಧಿ ಹೇಳಬೇಡಿ" ಎಂದುಬಿಟ್ಟಳು.

ಅವನು ತಲೆ ತಗ್ಗಿಸಿ ಹೋದ.

ಹಾಸಿಗೆಯಲ್ಲಿ ರೋಸಿ ಮಾವ್ಶಿಯ ಹೊಗಳಿಕೆ ಬೇರೆ. "ಆ ಬ್ರದರ್ ಚಿನ್ನ ಬಾಯೆ! ನನ್ನನ್ನು ಎತ್ತಿ ಕೂರಿಸುವ ಕ್ರಮ ನೋಡಬೇಕು ನೀನು. ಕಲಿತವನ ಕೈ. ಕೊಂಕಣಿ ಅಂತೂ ಜೇನು!"

"ಹೆಸರೆಂತ ಮಾವ್ಶಿ?"

"ಹೆಸರು ಯಾರು ಕೇಳ್ತಾರೆ? ಬ್ರದರ್ ಅಂದರೆ ಬರ್ತಾನೆ. ಮದುವೆ ಆಗಿಲ್ಲವಂತೆ, ಅದು ಮಾತ್ರ ಕೇಳಿದ್ದೇನೆ."

ಮರಳುವ ಬಸ್ಸಿನಲ್ಲಿ ಅವಳು ಎಲ್ಲವನ್ನೂ ಲಂಡನ್ನಿನ ಕಾರ್ಲ್ಟನ್‌ಗೆ ಬರೆದಳು. ಉತ್ತರ ಕೂಡಲೇ ಬಂತು.

'ಅಂಥವರ ಮಾತು ಕೇಳಬೇಡಿ. ನಾಳೆ ಒರಿಜಿನಲ್ ಕೊಟ್ಟುಬಿಡಿ. ನಾನು ಇಲ್ಲಿ ಕಾಯ್ತಾ ಇದ್ದೇನೆ.'

ಎಷ್ಟು ಸಿಹಿಯಾದ ಮಾತು! ಆದರೂ ಆ ತಗ್ಗಿದ ತಲೆ ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ...

ಮರುದಿನ ಉಡುಪಿಯ ಏಜೆನ್ಸಿಯ ಹಾಲ್ ತುಂಬಿತ್ತು. ನರ್ಸಿಂಗ್ ಮುಗಿಸಿದ ಹುಡುಗಿಯರು, ಅವರ ಅಪ್ಪ ಅಮ್ಮಂದಿರು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸ್, ಅದರಲ್ಲಿ ಅದೇ ನಗು. ಮಾಲೀಕ ಯೋಗೀಶ್ ಮೈಕ್ ಹಿಡಿದಿದ್ದ.

"ಏಜೆನ್ಸಿಗೆ ಯಾಕೆ ದುಡ್ಡು ಕೊಡಬೇಕು ಅಂತ ಕೇಳ್ತೀರಿ. ಈ ಕಾರ್ಲ್ಟನ್‌ನನ್ನು ನೋಡಿ! ನಮ್ಮ ಉದ್ಯಾವರದ ಹುಡುಗ! ನಿನ್ನೆ ಕೂಡ ಲಂಡನ್‌ನಿಂದ ನನಗೆ ಫೋನ್ ಮಾಡಿದ್ದ."

ಪಕ್ಕದ ಮೇಜಿನಲ್ಲಿ ಚೈತಾಲಿ ಒರಿಜಿನಲ್‌ಗಳನ್ನು ತೆಗೆದುಕೊಳ್ಳುತ್ತಿದ್ದಳು. ಜೆನಿಟಾಳ ಸರದಿ ಬಂತು. ಅವಳು ಫೈಲ್ ಮುಂದೆ ಚಾಚಿದಳು...

"ಕೊಡಬೇಡಿ ಸಿಸ್ಟರ್!"

ಹಾಲ್‌ಗೆ ಹಾಲ್ ತಿರುಗಿ ನೋಡಿತು.

ಬಾಗಿಲಲ್ಲಿ ನೀಲಿ ಅಂಗಿಯ ಅವನು! ಸಾಲುಗಳ ನಡುವೆ ನಡೆದು ಬಂದು ತನ್ನದೇ ನಗುಮುಖದ ಕೆಳಗೆ ನಿಂತ. ಮೇಲಿನ ಮುಖ ಕೆನ್ನೆ ತುಂಬಿ ನಗುತ್ತಿತ್ತು. ಕೆಳಗಿನ ಮುಖದಲ್ಲಿ ಮೂಳೆ ಕಾಣುತ್ತಿತ್ತು.

ಯೋಗೀಶನ ಕೈಯ ಮೈಕ್ ಕೆಳಗಿಳಿಯಿತು. ಆದರೆ ಆಫ್ ಆಗಿರಲಿಲ್ಲ. "ಕಾರ್ಲ್ಟನ್... ಹೊರಗೆ ಹೋಗಿ ಮಾತಾಡುವ, ಬಾ..."

ಕಾರ್ಲ್ಟನ್! ಹಾಗಾದರೆ ಇವನೇ!

ಹಾಗಾದರೆ... ಅವನು ಯಾರು?

ಜೆನಿಟಾ ಲಂಡನ್ನಿನ ಆ ನಂಬರಿಗೆ ಮೊದಲ ಬಾರಿ ಕರೆ ಮಾಡಿದಳು.

ಮೇಜಿನ ಅಡಿಯಲ್ಲಿ, ಚೈತಾಲಿಯ ಬ್ಯಾಗಿನೊಳಗೆ, ಒಂದು ಫೋನ್ ಹಾಡತೊಡಗಿತು!

ಜೆನಿಟಾಳ ಕೈಯಿಂದ ಫೈಲ್ ಬಿತ್ತು. "ಅಕ್ಕಾ... ನೀವಾ?! ಆ ಮಾತುಗಳೆಲ್ಲ... ನೀವಾ?!"

ಚೈತಾಲಿ ಮುಖ ಮುಚ್ಚಿಕೊಂಡಳು. "ನಾನು ಬರೀ ಡೌಟ್‌ಗೆ ಉತ್ತರ ಕೊಡ್ತಿದ್ದೆ ಜೆನಿಟಾ. ನೀನು ಹತ್ತಿರ ಆಗ್ತಾ ಹೋದೆ. ಬಿಡಬೇಡ, ಇವಳು ಫೀಸ್ ಕಟ್ಟುವವಳು ಅಂತ ಸರ್ ಹೇಳಿದ್ರು..."

ಹಾಲ್ ತುಂಬ ಗುಸುಗುಸು ಎದ್ದಿತು.

"ಫೋಟೋದಲ್ಲಿರುವುದು ನಾನೇ" ಎಂದ ಕಾರ್ಲ್ಟನ್. ಅವನ ದನಿ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. "ಇವರು ಹೇಳಿದ ಆಸ್ಪತ್ರೆ ಅಲ್ಲಿ ಇರಲೇ ಇಲ್ಲ. ವೀಸಾ ಕೊಡಿಸಿದ ಕಂಪನಿ ಬಾಗಿಲು ಹಾಕಿತ್ತು. ಐದು ಜನ ಒಂದು ಕೋಣೆಯಲ್ಲಿ ಬ್ರೆಡ್ ಹಂಚಿಕೊಂಡು ತಿಂದೆವು. ನಾನು ವಾಪಸ್ ಬಂದು ಎಂಟು ತಿಂಗಳಾಯಿತು. ಬಾಯಿ ಬಿಟ್ಟರೆ ಒರಿಜಿನಲ್ ಕೊಡುವುದಿಲ್ಲ ಅಂದರು. ಅದಿಲ್ಲದೆ ಯಾವ ಆಸ್ಪತ್ರೆ ನರ್ಸ್ ಅಂತ ತಗೊಳ್ತದೆ?"

"ಅಲ್ಲ ಮಾರಾಯ!" ಮುಂದಿನ ಸಾಲಿನಲ್ಲಿದ್ದ ಹೂವಪ್ಪ ಎಂಬ ಹಿರಿಯರು ಎದ್ದು ನಿಂತರು. "ನಿನ್ನ ಮುಖ ನೋಡಿಯೇ ನಾನು ಮಗಳನ್ನು ಕರಕೊಂಡು ಬಂದದ್ದು! ಇಷ್ಟು ದಿನ ಎಲ್ಲಿ ಅಡಗಿದ್ದೆ ನೀನು?"

"ಕಾರ್ಕಳದಲ್ಲಿ." ಅವನ ಕಣ್ಣು ತುಂಬಿತು. "ಹೋಗುವಾಗ ಇಗರ್ಜಿಯಲ್ಲಿ ಪಾದ್ರಿಯವರೇ ಸನ್ಮಾನ ಮಾಡಿದ್ದರು ಅಂಕಲ್. ಊರವರು ಬಸ್‌ಸ್ಟಾಪಿನಲ್ಲಿ ಬ್ಯಾನರ್ ಕಟ್ಟಿದ್ದರು. ಬರಿಗೈಯಲ್ಲಿ ಹೇಗೆ ಬರಲಿ? ನಾನು ಲಂಡನ್‌ನಲ್ಲಿದ್ದೇನೆ ಅಂತಲೇ ನನ್ನ ಅಮ್ಮ ಈಗಲೂ ಅಂದುಕೊಂಡಿದ್ದಾರೆ!"

ಹಾಲ್‌ನಲ್ಲಿ ಯಾವುದೋ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ವಿದೇಶಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಏಜೆನ್ಸಿಯೂ ಇರಬಹುದು. ಲೈಸೆನ್ಸ್ ಉಂಟಾ ಕೇಳಿ. ಕರೆಯುವ ಆಸ್ಪತ್ರೆಗೆ ನೀವೇ ಫೋನ್ ಮಾಡಿ. ಒರಿಜಿನಲ್ ಕೈಬಿಡಬೇಡಿ. ನಾನು ಇದೊಂದನ್ನೂ ಮಾಡಲಿಲ್ಲ. ನಾನೂ ಯಾರದ್ದೋ ಫೋಟೋ ನೋಡಿಯೇ ಹೋದವನು."

ಆಮೇಲೆ ಗಲಾಟೆ! ಅಪ್ಪಂದಿರು ಯೋಗೀಶನನ್ನು ಸುತ್ತುಗಟ್ಟಿದರು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಸಂಜೆಯೊಳಗೆ ಕಚೇರಿಯ ಕಪಾಟಿನಿಂದ ಕಾರ್ಲ್ಟನ್‌ನದ್ದು ಮಾತ್ರವಲ್ಲ, ಇನ್ನೂ ಎಷ್ಟೋ ಮಕ್ಕಳ ಸರ್ಟಿಫಿಕೇಟ್‌ಗಳು ಹೊರಬಂದವು.

ಕಾರ್ಲ್ಟನ್ ಪೊಲೀಸರಿಗೆ ಹೇಳಿಕೆ ಕೊಟ್ಟು ಹೊರಬಂದಾಗ ಮೆಟ್ಟಿಲ ಮೇಲೆ ಜೆನಿಟಾ ಕುಳಿತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನಿನ್ನೆ ನಾನು ಹಾಗೆ ಹೇಳಬಾರದಿತ್ತು... ಬೆಡ್‌ಪ್ಯಾನ್..."

"ತೊಳೆಯುವುದು ನಿಜವೇ ಅಲ್ವಾ ಸಿಸ್ಟರ್. ನೀವು ತೊಳೆದಿಲ್ವಾ?"

"ತುಂಬ ತೊಳೆದಿದ್ದೇನೆ." ಅವಳು ಬಿಕ್ಕಿದಳು. "ನಿನ್ನೆ ನಿಜ ಹೇಳಿದ್ದರೆ ನಾನು ಇಷ್ಟು ಜನರ ಎದುರು..."

"ಹೇಳಬೇಕಿತ್ತು. ಹೆದರಿದೆ." ಅವನು ಎರಡು ಮೆಟ್ಟಿಲು ಬಿಟ್ಟು ಕುಳಿತ. ಅಳುಕುತ್ತಾ ಕೇಳಿದ. "ಒಂದು ಕೇಳಲಾ? ನಾನು... ಅಂದರೆ ಆ ನಾನು... ನಿಮಗೆ ಎಂತೆಂತ ಹೇಳಿದ್ದೇನೆ?"

"ಮೊನ್ನೆ ಮದುವೆ ಆಗ್ತೀರಾ ಅಂತ ಕೇಳಿದ್ದೀರಿ."

"ದೆವಾ!" ಕಾರ್ಲ್ಟನ್ ಎದ್ದೇ ನಿಂತ. "ನೀವು ಎಂತ ಹೇಳಿದ್ರಿ?"

"ಹೂಂ ಅಂದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕದ್ದು ಅವಳೇ. ಕಣ್ಣೀರು ಸುರಿಯುತ್ತಲೇ ನಕ್ಕಳು. ಎಂಟು ತಿಂಗಳ ಮೇಲೆ ಕಾರ್ಲ್ಟನ್‌ಗೂ ನಗು ಬಂತು. ಫ್ಲೆಕ್ಸ್‌ನ ನಗುವಿನ ಹಾಗಿರಲಿಲ್ಲ ಅದು. ಒಂದು ಬದಿಗೆ ಸೊಟ್ಟಗಿತ್ತು. ಜೆನಿಟಾಳ ಎದೆ ಯಾಕೋ ಒಮ್ಮೆ ನಿಂತು ಹೊಡೆಯಿತು.

ಅವಳು ಮೊಬೈಲ್ ಚಾಚಿದಳು. "ಓದಿ. ನನ್ನ ಮನಸ್ಸಿನ ಎಲ್ಲವೂ ಇದರಲ್ಲೇ ಉಂಟು."

ಅವನು ಮುಟ್ಟಲಿಲ್ಲ. "ಬೇಡ. ಅದು ನನಗೆ ಬರೆದದ್ದಲ್ಲ. ನೀವು ಮೊದಲು ಮನೆಗೆ ಹೋಗಿ."

ಆ ರಾತ್ರಿ ಮೊಬೈಲ್ ಎದುರಿಟ್ಟುಕೊಂಡು ಅವಳು ಯೋಚಿಸಿದಳು. ಅವನು ಓದಬಹುದಿತ್ತು. ಓದಿ ಅವಳಿಗೆ ಏನು ಇಷ್ಟ ಎಂದು ತಿಳಿದುಕೊಂಡು ಹಾಗೆಯೇ ಮಾತಾಡಬಹುದಿತ್ತು. ಮುಟ್ಟಲೂ ಇಲ್ಲವಲ್ಲ...

ಮರುವಾರ ರೋಸಿ ಮಾವ್ಶಿಯನ್ನು ನೋಡುವ ನೆಪ ಸಿಕ್ಕಿತು. ಅದರ ಮರುವಾರವೂ. ಮಾವ್ಶಿ ಗುಣವಾಗಿ ಮನೆಗೆ ಹೋದ ಮೇಲೂ ಜೆನಿಟಾ ಕಾರ್ಕಳದ ಬಸ್ ಹತ್ತುವುದು ನಿಲ್ಲಲಿಲ್ಲ!

ಒಂದು ಭಾನುವಾರ ಇಬ್ಬರೂ ಕಾಪುವಿನ ಸಮುದ್ರದ ಬಂಡೆಯ ಮೇಲೆ ಕುಳಿತಿದ್ದರು. ಕಾರ್ಲ್ಟನ್‌ಗೆ ಉಡುಪಿಯಲ್ಲಿ ಸ್ಟಾಫ್ ನರ್ಸ್ ಕೆಲಸ ಸಿಕ್ಕಿತ್ತು.

"ನಿನ್ನ ಅಮ್ಮ ಇನ್ನೂ ಸಿಟ್ಟಲ್ಲಿದ್ದಾರಾ?"

"ಮೊದಲ ದಿನ ಒಂದು ಕೆನ್ನೆಗೆ ಹೊಡೆದರು, ಇನ್ನೊಂದಕ್ಕೆ ಮುತ್ತು ಕೊಟ್ಟರು. ಈಗ ಕೇಳುವುದು ಒಂದೇ, ಆ ಶಿರ್ವದ ಹುಡುಗಿ ಯಾವಾಗ ಮನೆಗೆ ಬರುವುದು ಅಂತ."

ಜೆನಿಟಾ ನಗಲಿಲ್ಲ. ಅಲೆಗಳನ್ನೇ ನೋಡುತ್ತಾ ಹೇಳಿದಳು. "ಐರ್ಲೆಂಡಿನ ಆಸ್ಪತ್ರೆಯವರು ಇಂಟರ್‌ವ್ಯೂಗೆ ಕರೆದಿದ್ದಾರೆ. ನಾನೇ ಅರ್ಜಿ ಹಾಕಿದ್ದು. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಕೇಳಿದೆ. ಉಂಟು, ನಿಜವಾಗಿಯೂ ಉಂಟು. ನಡುವೆ ಯಾರೂ ಇಲ್ಲ."

ಅವನ ಎದೆಯಲ್ಲಿ ಏನೋ ಕುಸಿಯಿತು. ಆದರೂ ಹೇಳಿದ. "ಹೋಗು ಜೆನಿಟಾ. ನೀನು ಹೋಗಬೇಕು."

"ನೀನು?"

"ಇನ್ನೊಮ್ಮೆ ವಿಮಾನ ಹತ್ತುವ ಧೈರ್ಯ ನನಗಿಲ್ಲ."

ಅವಳು ಅವನ ಕಡೆ ತಿರುಗಿದಳು. "ಆ ಫೋನಿನವನಿಗೆ ಹೇಳದ ಒಂದು ಮಾತು ಉಂಟು. ನನಗೂ ಭಯ ಕಾರ್ಲ್ಟನ್. ತುಂಬ ಭಯ. ಅವನ ಹತ್ತಿರ ನಾನು ಧೈರ್ಯವಂತೆಯ ಹಾಗೆ ಬರೆಯುತ್ತಿದ್ದೆ. ನಿನ್ನ ಹತ್ತಿರ ಮಾತ್ರ ಹಾಗೆ ಮಾಡಲಿಕ್ಕೆ ಆಗುವುದಿಲ್ಲ."

ಅವನು ಮೆಲ್ಲನೆ ಅವಳ ಕೈ ಹಿಡಿದ. ಮೊದಲ ಬಾರಿ. "ನಾನು ನಿನ್ನನ್ನು ಪ್ರೀತಿಸುತ್ತೇನೆ. ಇದು ನಾನೇ ಹೇಳುತ್ತಿರುವುದು, ಬೇರೆ ಯಾರೂ ಅಲ್ಲ."

"ಗೊತ್ತುಂಟು. ಕೈ ನಡುಗ್ತಾ ಉಂಟು ನಿನ್ನದು." ಅವಳ ದನಿ ಒದ್ದೆಯಾಯಿತು. "ನಿನ್ನ ಅರ್ಧ ಧೈರ್ಯ, ನನ್ನ ಅರ್ಧ ಧೈರ್ಯ ಸೇರಿಸಿದರೆ ಸಾಕಾಗುತ್ತಾ?"

"ಸೇರಿಸಿದರೂ ಒಬ್ಬರಿಗೆ ಆಗುವಷ್ಟೇ ಆಗ್ತದೆ ಮಾರಾಯ್ತಿ!"

"ಹಾಗಾದರೆ ಇಬ್ಬರೂ ಒಂದೇ ಕಡೆ ಇರಬೇಕಲ್ವಾ..." ಎಂದಳು ಜೆನಿಟಾ, ಅವನ ಭುಜಕ್ಕೆ ತಲೆ ಆನಿಸಿ. "ಇಲ್ಲಾದರೂ ಸರಿ, ಅಲ್ಲಾದರೂ ಸರಿ."