ತೊಂಬತ್ತಾರನೇ ಪುಟ

ಗದ್ವಾಲದ ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಕೊಟ್ರೇಶ ನಗುತ್ತಾ ಎದುರು ಬಂದಾಗ ಶಿವಗಂಗಾಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದ ಮೇಲೆ ನೋಡುತ್ತಿದ್ದಾಳೆ. ಅದೇ ಓರೆ ನಗು, ಅದೇ ಸುಕ್ಕುಬಿದ್ದ ಅಂಗಿ. ಎದೆ ಒಮ್ಮೆ ಹಾರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

“ಗಂಗಾ, ನೀ ಬರ್ತೀ ಅಂತ ಅಂದ್ಕೊಂಡಿರ್ಲಿಲ್ಲ.”

“ನಿಮ್ಮ ಸನ್ಮಾನ ನೋಡಾಕ ಬಂದಿಲ್ರಿ ಸರ್. ಜಗಳ ಮಾಡಾಕ ಬಂದೀನಿ.”

‘ಸರ್’ ಅಂದದ್ದಕ್ಕೆ ಅವನ ನಗು ಅರ್ಧಕ್ಕೇ ನಿಂತಿತು. ನಾರಾಯಣಪೇಟೆಯ ಮನೆಗೆ ಅವನು ಮೂರು ತಿಂಗಳು ಬಂದು ಹೋಗುವಾಗ ಅವಳು ಹೆಸರು ಹಿಡಿದೇ ಕರೆಯುತ್ತಿದ್ದಳು. ಮಕ್ತಲ್‌ನ ಹತ್ತಿ ವ್ಯಾಪಾರಿಯ ಮಗ, ಮಗ್ಗಗಳ ಆರ್ಥಿಕ ಇತಿಹಾಸ ಬರೆಯಲು ಬಂದವನು. ಅವಳ ಅವ್ವ ಶಂಕ್ರಮ್ಮ ಕೊಟ್ಟ ರೊಟ್ಟಿ ತಿಂದು, ಹೊರಡುವಾಗ ಕಾಲ ಬಳಿಯೇ ಇದ್ದ ಚಪ್ಪಲಿಯನ್ನು ಬೇಕಂತಲೇ ಹುಡುಕುತ್ತಿದ್ದ. ಆಮೇಲೆ ಪುಸ್ತಕ ಬಂತು, ಹೆಸರೂ ಬಂತು. ಈಗ ಕೈಮಗ್ಗದ ಬಗ್ಗೆ ಯಾರು ಬರೆದರೂ ಅವನ ಮಾತನ್ನೇ ಎತ್ತಿ ಹೇಳುತ್ತಾರೆ.

ಅವಳು ಚೀಲದಿಂದ ಆ ಪುಸ್ತಕ ತೆಗೆದು ತೊಂಬತ್ತಾರನೇ ಪುಟವನ್ನು ಅವನ ಮುಖಕ್ಕೆ ಹಿಡಿದಳು.

“ಓದ್ರಿ.”

“‘ಸಮೀಕ್ಷೆ ಮಾಡಿದ ಇನ್ನೂರ ಹನ್ನೆರಡು ಮಗ್ಗಗಳಲ್ಲಿ ನೇಯುವ ಹೆಣ್ಣು ಒಬ್ಬಳೂ ಇಲ್ಲ. ಹೆಂಗಸರು ಸಹಾಯಕಿಯರು ಮಾತ್ರ.’”

“ನಮ್ಮವ್ವ ನೇಕಾರರ ಕಾರ್ಡಿಗೆ ಅರ್ಜಿ ಹಾಕಿದ್ಳು. ಕಾರ್ಡ್ ಕೊಡೋ ಸಮಿತಿಯವ್ರು ಈ ಪುಟಾನೇ ತೋರ್ಸಿ ವಾಪಸ್ ಕಳ್ಸಿದ್ರು. ಇಪ್ಪತ್ತೈದು ವರ್ಷ ಸೀರಿ ನೇದ ಕೈರೀ ಅದು. ನಿಮ್ಮ ಪಟ್ಟಿಯಾಗ ನಮ್ಮನಿ ನೇಕಾರ ಯಾರು?”

ಕೊಟ್ರೇಶ ತಲೆ ತಗ್ಗಿಸಿದ. “ದೇವೇಂದ್ರಪ್ಪ.”

“ನಮ್ಮಪ್ಪ ಸತ್ತು ಅವಾಗ್ಲೇ ಎಂಟು ವರ್ಷ ಆಗಿತ್ತು. ಸತ್ತವ ಎದ್ದು ಬಂದು ನೇದ್ನೇನ್ರಿ?”

ತಪ್ಪು ಹೇಗಾಯಿತೆಂದು ಇಬ್ಬರಿಗೂ ಗೊತ್ತಿತ್ತು. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮನೆಯ ಗಂಡಸು ತೀರಿಕೊಂಡರೂ ಮಗ್ಗವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಮೊದಲ ವಾರ ಕೊಟ್ರೇಶ ಬಾಗಿಲಿಂದ ಬಾಗಿಲಿಗೆ ಹೋಗಿ ‘ಇದು ಯಾರ ಮಗ್ಗ’ ಎಂದು ಕೇಳಿದ್ದ. ಹೆಂಗಸರು ಪದ್ಧತಿಯಂತೆ ಗಂಡಸರ ಹೆಸರು ಹೇಳಿದ್ದರು. ಅವನು ಅದನ್ನೇ ‘ನೇಕಾರ’ ಎಂಬ ಕಾಲಮ್ಮಿಗೆ ಇಳಿಸಿದ್ದ, ಮತ್ತೆ ತಿದ್ದಲೇ ಇಲ್ಲ.

“ಮೂರು ತಿಂಗ್ಳು ಮಗ್ಗದ ಮುಂದ ಕುಂತಿದ್ರಲ್ಲ, ಏನ್ ನೋಡಿದ್ರಿ?”

“ನಿನ್ನ ನೋಡ್ದೆ.” ಅವನ ದನಿ ಸಣ್ಣಗಾಯಿತು. “ಖರೇ ಹೇಳ್ತೀನಿ ಗಂಗಾ. ಬ್ಯಾರೆ ಏನೂ ಕಾಣ್ಲಿಲ್ಲ.”

ಎರಡು ವರ್ಷ ಕಾದಿದ್ದ ಮಾತು, ಬಂದದ್ದು ಎಂಥ ಹೊತ್ತಿನಲ್ಲಿ. ಅವಳ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

“ನನ್ನ ನೋಡಾಕ ಹೋಗಿ ನಮ್ಮವ್ವನ್ನ ಇಲ್ಲದಂಗ ಮಾಡಿದ್ರಿ. ಇದು ಪ್ರೀತಿ ಆದ್ರ ನನಗ ಬ್ಯಾಡ.”

“ಪ್ರಕಾಶಕರಿಗೆ ಪತ್ರ ಬರೀತೀನಿ.”

“ಪತ್ರ ಯಾರ್ ಓದ್ತಾರ? ಸಮಿತಿಯವ್ರು ಒಳಗ ಮುಂದಿನ ಸಾಲಿನ್ಯಾಗೇ ಕುಂತಾರ. ಅಲ್ಲೇ ಹೇಳ್ರಿ.”

“ಆ ಪುಟ ಸುಳ್ಳಾದ್ರ ಪುಸ್ತಕಾನೇ ಬೀಳ್ತೈತಿ.”

“ಬೀಳ್ಲಿ.”

ಅವಳು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ಅವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹೊಗಳಿದರು. ಹೇಳುವುದಿಲ್ಲ ಇವನು, ಹೇಡಿ ಅಂದುಕೊಂಡಳು.

ಕೊಟ್ರೇಶ ಮೈಕಿನ ಮುಂದೆ ಬಂದು ಶಾಲು ತೆಗೆದು ಮಡಿಸಿಟ್ಟ. ತೆಲುಗರೇ ಹೆಚ್ಚಿದ್ದ ಸಭೆಗೆ ತಿಳಿಯಲೆಂದು ತೆಲುಗಿನಲ್ಲೇ ಹೇಳಿದ: ತೊಂಬತ್ತಾರನೇ ಪುಟ ತಪ್ಪು. ಮಗ್ಗ ಯಾರದೆಂದು ಕೇಳಿದೆ, ನೇಯುವವರು ಯಾರೆಂದು ಕೇಳಲಿಲ್ಲ. ಸತ್ತವರನ್ನು ನೇಕಾರರೆಂದು ಬರೆದೆ. ಶಂಕ್ರಮ್ಮ ನೇಯುವುದನ್ನು ಕಣ್ಣಾರೆ ಕಂಡೂ ಸಹಾಯಕಿ ಎಂದು ಬರೆದೆ. ಈ ಪುಟ ತೋರಿಸಿ ಯಾರ ಅರ್ಜಿಯನ್ನೂ ತಿರಸ್ಕರಿಸಬೇಡಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೊರಟಳು.

ಅವಳು ನಾರಾಯಣಪೇಟೆಯ ಬಸ್ಸು ಹತ್ತುವಾಗ ಅವನು ಏದುಸಿರು ಬಿಡುತ್ತಾ ಓಡಿ ಬಂದ.

“ಇನ್ನಾ ಸಿಟ್ಟೈತೇನು?”

“ಐತಿ.” ಅವಳು ಕಿಟಕಿಯ ಪಕ್ಕ ಕುಳಿತಳು. “ಸೋಮವಾರ ಬಂದು ಮೊದಲ್ನೇ ಬಾಗ್ಲದಿಂದ ಮತ್ತ ಶುರು ಮಾಡ್ರಿ. ಯಾರು ನೇಯ್ತೀರಿ ಅಂತ ಕೇಳ್ರಿ. ಇನ್ನೂರ ಹನ್ನೆರಡೂ ಮಗ್ಗ.”

“ಆಮ್ಯಾಲ?”

“ಕಡೀಗೆ ನಮ್ಮನಿ. ಅಷ್ಟೂ ಮುಗಿಸಿ ಬಂದ್ರ, ಅವ್ವನ ಹೆಸರು ಬರ್ಕೊಂಡು, ನನ್ನ ಸಲುವಾಗಿ ಅವ್ವನ್ನ ಕೇಳೋದು ಕೇಳು, ಕೊಟ್ರೇಶ.”