ಅಳಿಸಿದ ಗುರುತು

ಗೆರೆಯ ಪಕ್ಕ ಚೆಂಡು ಬಿದ್ದ ಗುರುತನ್ನು ಅವನು ಬೂಟಿನಿಂದ ಒರೆಸಿಬಿಟ್ಟ!

ಸಿಂಚನಾ ನೋಡುತ್ತಲೇ ನಿಂತಳು. ನಲ್ಲೂರಿನ ಹತ್ತಿರದ ಬೇಸಿಗೆ ಟೆನಿಸ್ ಶಿಬಿರಕ್ಕೆ ಹೆಣ್ಣುಮಕ್ಕಳ ಕೋಚಾಗಿ ಬಂದ ಮೊದಲ ಬೆಳಗ್ಗೆ ಅದು. ಶಿಬಿರದಲ್ಲೇ ತಂಗಿದ್ದ ಮಕ್ಕಳೆಲ್ಲ ಸುತ್ತ ಕೂತು ನೋಡುತ್ತಿದ್ದರು. ಎದುರು ಆಡುತ್ತಿದ್ದವನು ಇನ್ನೊಬ್ಬ ಕೋಚ್, ಮುನಿರಾಜ್. ಚೆಂಡು ಒಳಗೇ ಬಿದ್ದದ್ದು ಅವಳಿಗೆ ಖಾತ್ರಿಯಿತ್ತು.

'ಔಟ್ ಅನ್ನೋಕೆ ಸಾಕ್ಷಿನೇ ಅಳಿಸಿಬಿಟ್ಟ...'

"ಸಾಕು. ನಾನು ಆಡಲ್ಲ," ಎಂದು ಹೊರಟುಬಿಟ್ಟಳು.

ಕೋಪವೂ ಬರಲಿಲ್ಲ. ಮದುವೆ ನಿಶ್ಚಯವಾಗಿದ್ದ ಹುಡುಗ ಸುಳ್ಳು ಹೇಳಿಕೊಂಡೇ ಬಂದಿದ್ದನೆಂದು ತಿಳಿದ ದಿನದಿಂದ ಅವಳೊಳಗೆ ಏನೋ ಜೋಮು ಹಿಡಿದಿತ್ತು. ಇವನೂ ಹಾಗೆಯೇ ಒಬ್ಬ, ಅಷ್ಟೆ.

ವಿಮಾನ ನಿಲ್ದಾಣ ಹತ್ತಿರವೇ ಇತ್ತು. ತಲೆಯ ಮೇಲೆ ವಿಮಾನ ಹೋಗುವಾಗ ಶಿಬಿರದವರೆಲ್ಲ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದಡಗಿದ ಮೇಲೆ ಮುಂದುವರಿಸುತ್ತಿದ್ದರು. ಸಿಂಚನಾ, ಮುನಿರಾಜ್ ಇಬ್ಬರಿಗೆ ಮಾತ್ರ ಮುಂದುವರಿಸಲು ಏನೂ ಇರಲಿಲ್ಲ.

ಅವಳು ಎಷ್ಟು ತಡವಾಗಿ ಊಟಕ್ಕೆ ಹೋದರೂ ಮುದ್ದೆ ಬಿಸಿಯಾಗಿರುತ್ತಿತ್ತು.

"ಮುನಿರಾಜಣ್ಣ ಮುಚ್ಚಿಟ್ಟು ಹೋಗವ್ರೆ ಕಣಮ್ಮಾ. ಹೇಳ್ಬೇಡ ಅಂದಿದ್ರು, ಹೇಳ್ಬಿಟ್ಟೆ!" ಅಡುಗೆಯ ರುಕ್ಮಿಣಮ್ಮ ನಕ್ಕರು.

ಸಿಂಚನಾ ತಿಂದಳು. ರುಚಿ ತಿಳಿಯಲಿಲ್ಲ.

ಶಿಬಿರದ ಕೊನೆಯ ದಿನ ಬಂತು. ಪುಣೆಯಲ್ಲಿ ಕೆಲಸ ಸಿಕ್ಕಿತ್ತು, ಮಧ್ಯಾಹ್ನವೇ ಬಸ್ಸು. ಮತ್ತೆ ಇತ್ತ ಬರುವ ಮಾತಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಕೋರ್ಟಿಗೆ ಬಂದಳು. ಮಕ್ಕಳ ಫೈನಲ್ ನಡೆಯುತ್ತಿತ್ತು. ಹರ್ಷಿತ ಎಂಬ ಹುಡುಗಿ ಗೆರೆಯ ಬಳಿ ಬಗ್ಗಿ ನೋಡಿ, ಗುರುತನ್ನು ಕಾಲಿನಿಂದ ಒರೆಸಿದಳು.

"ಏಯ್, ಯಾಕೆ ಅಳಿಸ್ದೆ?"

"ಒಳಗೇ ಬಿದ್ದಿದೆ ಮ್ಯಾಮ್. ಪಾಯಿಂಟ್ ಅವಳ್ದು. ಮಣ್ಣಿನ ಕೋರ್ಟಲ್ಲಿ ಒರೆಸಿದ್ರೆ ಒಪ್ಕೊಂಡಂಗೆ. ನಿಮ್ಗೆ ಗೊತ್ತಿಲ್ವಾ?!"

ಗೊತ್ತಿರಲಿಲ್ಲ. ಸಿಂಚನಾ ಆಡಿ ಬೆಳೆದದ್ದೆಲ್ಲ ಸಿಮೆಂಟ್ ಕೋರ್ಟಿನಲ್ಲಿ. ಅಲ್ಲಿ ಗುರುತೇ ಉಳಿಯುವುದಿಲ್ಲ.

ಆಟ ಮುಗಿದು ಮಕ್ಕಳು ಹೋದರು. ಮುನಿರಾಜ್ ನೆಟ್ ಬಿಚ್ಚುತ್ತಿದ್ದ.

"ಅವತ್ತು... ಪಾಯಿಂಟ್ ನಂಗೆ ಕೊಟ್ರಾ?"

"ಕೊಡೋದೇನು? ನಿಮ್ದೇ ಆಗಿತ್ತು."

"ನಾನು ನಿಮ್ಮನ್ನ ಮೋಸಗಾರ ಅಂದ್ಕೊಂಡೆ. ಒಂದ್ಮಾತು ಹೇಳ್ಬಾರ್ದಿತ್ತಾ?"

"ಬೇಕಂತ ಬಿಟ್ಕೊಟ್ಟೆ ಅಂತ ನಿಮಗೆ ಅವಮಾನ ಆಯ್ತೇನೋ ಅಂದ್ಕೊಂಡೆ. ಆಮೇಲೆ ಮಾತಾಡ್ಸೋಕೆ ಭಯ ಆಯ್ತು ಕಣ್ರೀ."

"ಮುದ್ದೆ ಮುಚ್ಚಿಡೋಕೆ ಆಗ್ಲಿಲ್ವಾ ಭಯ?"

"ಅಯ್ಯೋ, ಆ ರುಕ್ಮಿಣಮ್ಮ!" ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ಹೋಗ್ಬೇಡಿ ಸಿಂಚನಾ. ನಾನು ನಿಮ್ಮನ್ನ ಇಷ್ಟ..."

ವಿಮಾನ ಬಂತು. ಅಭ್ಯಾಸಬಲದಿಂದ ಅವನು ಮಾತು ನಿಲ್ಲಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಜೋಮು ಬಿಡುವಾಗ ಕಾಲು ಜುಮುಜುಮು ಎನ್ನುವಂತೆ ಅವಳ ಎದೆ ನೋಯತೊಡಗಿತು. ಎಷ್ಟೋ ಕಾಲದ ಮೇಲೆ... ನೋವು!

ಸದ್ದು ಅಡಗಿತು.

"...ಪಡ್ತೀನಿ," ಎಂದ ಅವನು.

ಸಿಂಚನಾ ಹಿಂದೆ ತಿರುಗಿದಳು. ಅವಳ ಸೂಟ್‌ಕೇಸಿನ ಚಕ್ರಗಳು ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದವು. ಅದನ್ನು ಕಾಲಿನಿಂದ ಒರೆಸಿದಳು.

ಅವನ ಕಣ್ಣು ತುಂಬಿತು. "ಬಸ್ಸು?"

"ಹೋಗ್ಲಿ ಬಿಡಿ. ನಾನಿನ್ನೂ ಊಟ ಮಾಡಿಲ್ಲ..."

"ಗೊತ್ತು. ಮುಚ್ಚಿಟ್ಟಿದ್ದೀನಿ."