ಗುಟ್ಟಿನ ಗಿಡ

“ನಿಜ ಹೇಳು, ಯಾರಿಗೆ ಹೇಳಿದೆ?”

“ಆಣೆ ಮಾಡ್ತೀನಮ್ಮ, ಯಾರಿಗೂ ಹೇಳಿಲ್ಲ!”

ಚಿನಕುರುಳಿಗೆ ಅಳು ಬಂದೇಬಿಟ್ಟಿತು.

ಅವಳ ಅಮ್ಮ ಕಾಡು ಕಾಯುವ ಗಾರ್ಡ್. ಮರಗಳು ದೂರದೂರ ಇರುವ, ಬಿಸಿಲು ನೆಲಕ್ಕೇ ಬೀಳುವ ಆ ಕಾಡಿನಲ್ಲಿ ಅಪರೂಪದ ಗಿಡವೊಂದಿತ್ತು. ಎಲೆ ಮುಟ್ಟಿದರೆ ಸಾಕು, ಸಂಜೆವರೆಗೂ ಕೈಯೆಲ್ಲ ಘಮಘಮ. ಇಡೀ ಕಾಡಿಗೆ ಅಂಥವು ಎರಡೇ. ಇವತ್ತು ಒಂದರ ಜಾಗದಲ್ಲಿ ಬರೀ ಗುಂಡಿ. ಯಾರೋ ಬೇರುಸಮೇತ ಕಿತ್ತುಕೊಂಡು ಹೋಗಿದ್ದರು.

“ಆ ಜಾಗ ಗೊತ್ತಿದ್ದಿದ್ದು ನಮ್ಮಿಬ್ಬರಿಗೇ ಕಣೇ,” ಎಂದಳು ಅಮ್ಮ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಚಿನಕುರುಳಿಯ ಬಾಯಲ್ಲಿ ಎಳ್ಳು ಕಾಳು ನೆನೆಯುವುದಿಲ್ಲ ಎಂದು ಇಡೀ ಕ್ಲಾಸಿಗೆ ಗೊತ್ತು. ಆದರೆ ಈ ಗುಟ್ಟನ್ನು ಮಾತ್ರ ಅವಳು ನುಂಗಿಕೊಂಡಿದ್ದಳು. ಬೆಸ್ಟ್ ಫ್ರೆಂಡ್ ಅವಳ ಕೈ ಮೂಸಿ, “ಯಾವ ಸೆಂಟೇ ಇದು?” ಎಂದಾಗಲೂ “ಸೋಪು” ಎಂದಿದ್ದಳು. ಹಾಗಾದರೆ ಕಳ್ಳರಿಗೆ ಹೇಳಿದವರು ಯಾರು? ನಿದ್ದೆಯಲ್ಲಿ ತಾನೇ ಒದರಿಬಿಟ್ಟೆನೆ? ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಯಿತು.

ಮರುದಿನ ಭಾನುವಾರ. ಗುಂಡಿಯ ಫೋಟೊ ತೆಗೆಯಲು ಹೊರಟ ಅಮ್ಮನ ಜೊತೆ ಅವಳೂ ಹೋದಳು. ಅಮ್ಮ ಎಂದಿನಂತೆ ಸುತ್ತು ಬಳಸಿ ನಡೆದಳು. ನಿನ್ನೆ ತುಳಿದ ಕಡೆ ಇವತ್ತು ತುಳಿಯುವುದಿಲ್ಲ. ಇದೆಂಥಾ ಹುಚ್ಚೋ ಎಂದು ಚಿನಕುರುಳಿ ಯಾವಾಗಲೂ ಗೊಣಗುತ್ತಿದ್ದಳು.

ಅಮ್ಮ ಫೋಟೊ ತೆಗೆಯುವಾಗ ಅವಳು ಪಕ್ಕದ ಬಂಡೆ ಹತ್ತಿದಳು. ಕೆಳಗೆ, ಮೊಣಕಾಲೆತ್ತರದ ಹುಲ್ಲಿನ ನಡುವೆ ಒಂದು ಕಾಲುದಾರಿ ಕಾಣಿಸಿತು. ಕಾಡಂಚಿನಲ್ಲಿದ್ದ ಅವಳ ಶಾಲೆಯ ಹಿಂದಿನ ಗೇಟಿನಿಂದ ನೆಟ್ಟಗೆ ಗುಂಡಿಯವರೆಗೆ.

“ಅಮ್ಮಾ, ಇಲ್ಲಿ ದಾರಿನೇ ಇರ್ಲಿಲ್ವಲ್ಲ! ಯಾರು ಮಾಡಿದ್ದು?”

ಅಮ್ಮ ಫೋಟೊ ತೆಗೆಯುವುದನ್ನು ನಿಲ್ಲಿಸಿ ಅವಳತ್ತ ನೋಡಿದಳು.

ಚಿನಕುರುಳಿ ಮತ್ತೆ ನೋಡಿದಳು. ದಾರಿಯ ತುದಿಯಲ್ಲಿ, ಗುಂಡಿಯ ಪಕ್ಕದಲ್ಲೇ, ಚೌಕಾಕಾರದಲ್ಲಿ ಹುಲ್ಲು ಚಪ್ಪಟೆಯಾಗಿತ್ತು. ಸರಿಯಾಗಿ ಸ್ಕೂಲ್ ಬ್ಯಾಗಿನಷ್ಟೇ ಅಗಲ.

ಮೆಲ್ಲಗೆ ಕೆಳಗಿಳಿದು ಬಂದಳು.

“ಅಮ್ಮಾ, ನಾನು ದಿನಾ ಇದೇ ಕಡೆಯಿಂದ ಬರ್ತಿದ್ದೆ. ಸ್ಕೂಲ್ ಬಿಟ್ಟ ತಕ್ಷಣ. ಮೊಗ್ಗು ಅರಳ್ತಾ ಅಂತ ನೋಡೋಕೆ.”

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು. “ಇನ್ನೊಂದು ಗಿಡಾನೂ ಮೊಗ್ಗು ಬಿಟ್ಟಿದೆ. ನೋಡ್ತೀಯಾ?” ಎಂದು ಕೇಳಿದಳು.

ಚಿನಕುರುಳಿಗೆ ನೋಡಬೇಕೆಂದು ತುಂಬಾ ಆಸೆಯಾಯಿತು. ಕಾಲು ಎರಡು ಹೆಜ್ಜೆ ಮುಂದೆ ಹೋಗಿಯೂ ಬಿಟ್ಟಿತ್ತು.

“ಬೇಡಮ್ಮ,” ಎಂದು ನಿಂತಳು. “ಅರಳಿದ್ರೆ ಬಂದು ಹೇಳು, ಸಾಕು.”